ಪೆಡಲು ಒತ್ತುವವಳು

ಬ್ರೇಕ್ ಒತ್ತಿದರೆ ಪೆಡಲು ಸೀದಾ ಹೋಗಿ ತಳ ಮುಟ್ಟಿತು. ಇಳಿದು ಬಗ್ಗಿ ನೋಡಿದೆ. ಜೀಪಿನ ಕೆಳಗೆ ಮಣ್ಣು ಅಂಗೈಯಗಲ ಒದ್ದೆಯಾಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ, ಬ್ರೇಕ್ ಆಯಿಲ್. ಚಕ್ರಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಸೋರುವುದಕ್ಕೆ ಇವತ್ತೇ ಆಗಬೇಕಿತ್ತೇ ಎಂದು ಟೈರಿಗೆ ಒದ್ದೆ. ನನ್ನ ಕಾಲೇ ನೋಯಿತು.

ನಾಡಿದ್ದು ನನ್ನ ಹೆಂಡತಿ ಪಾಪಮ್ಮನ ವರ್ಷದ ಎಡೆ. ನಮ್ಮ ಮನೆತನದಲ್ಲಿ ತೀರಿಕೊಂಡ ಹೆಂಗಸಿನ ಎಡೆಗೆ ತವರಿನ ಸೀರೆ ಇಡಬೇಕು. ಅದನ್ನು ತವರಿನವರೇ ಬಂದು ಕೈಯಾರೆ ಇಡಬೇಕು. ಪಾಪಮ್ಮನ ತವರು ಅಂತ ಈಗ ಉಳಿದಿರುವುದು ಬದನವಾಳಿನ ಅಕ್ಕ ಇಂದ್ರಾಣಿ ಒಬ್ಬಳೇ. ಒಂದು ಕಾಲದಲ್ಲಿ ನೂಲು ತೆಗೆಯುತ್ತಿದ್ದ ಗಟ್ಟಿಗಿತ್ತಿ, ಈಗ ಮಂಡಿ ಬಗ್ಗುವುದಿಲ್ಲ, ಬಸ್ ಹತ್ತಲಾರಳು. ಕಂಡವರ ಕಾರನ್ನೂ ಹತ್ತುವುದಿಲ್ಲ. "ಪಾಪಿ ಕೂತಿದ್ದ ಜೀಪು ಬಂದ್ರೆ ಬತ್ತೀನಿ ಕಣಪ್ಪ" ಎಂದು, ತಂಗಿಯನ್ನು ಚಿಕ್ಕಂದಿನ ಹೆಸರಿನಿಂದಲೇ ಕರೆದು, ಫೋನಿನಲ್ಲಿ ಹೇಳಿದ್ದಳು. ನಾಳೆ ಬರುತ್ತೇನೆ ಎಂದು ನಾನು ಮಾತು ಕೊಟ್ಟಾಗಿತ್ತು. ಜೀಪು ಹೊರಡದಿದ್ದರೆ ಎಡೆಗೆ ಸೀರೆ ಇಲ್ಲ.

ನಮ್ಮ ನರಸೀಪುರದಲ್ಲಿ ಇಷ್ಟು ಹಳೇ ಜೀಪಿನ ಸಾಮಾನು ಸಿಗಲಿಲ್ಲ. ಬಸ್ ಹಿಡಿದು ನಂಜನಗೂಡಿಗೆ ಹೋದೆ. ಬಿಡಿಭಾಗದ ಅಂಗಡಿಯ ಗುರು ಅಟ್ಟ ಹತ್ತಿ, ಧೂಳು ಕುಡಿದು, ಸಿಲಿಂಡರಿನೊಳಗೆ ಹಾಕುವ ರಬ್ಬರ್ ಕಪ್‌ಗಳ ಕಿಟ್ ಹುಡುಕಿ ಕೊಟ್ಟ.

"ಆಕೋರು ಯಾರು ಸಾ?"

"ನಾನೇ."

"ಏರ್ ತೆಗೆಯಕ್ಕೆ ಪೆಡ್ಲು ಒತ್ತೋರು?"

ನಾನು ಜೇಬಿನಿಂದ ದುಡ್ಡು ತೆಗೆದು ಎಣಿಸಿದೆ. ಅವನಿಗೆ ಪಾಪಮ್ಮ ಹೋದ ವಿಷಯ ಗೊತ್ತಿಲ್ಲ. ಹೇಳುವ ಮನಸ್ಸೂ ಆಗಲಿಲ್ಲ.

"ಯಾರೂ ಇಲ್ದಿದ್ರೆ ನಿಪ್ಪಲ್‌ಗೆ ಪೈಪ್ ಸಿಗ್ಸಿ ಬಾಟ್ಲಿಗೆ ಬುಡಿ ಸಾ. ಒಬ್ರೇ ಮಾಡ್ಕಬೋದು."

ಸರ್ಕಾರಿ ಇಲಾಖೆಯಲ್ಲಿ ಡ್ರೈವರಾಗಿ ಜೀಪು ಓಡಿಸಿ ತಲೆ ನರೆತವನಿಗೆ ಇವನ ಪಾಠ ಬೇರೆ. "ಬಾಟ್ಲಿ ಆಕುದ್ರೆ ಬ್ರೇಕು ಗಟ್ಟಿ ಬರಲ್ಲ ಕಣಯ್ಯ" ಎಂದು ರೇಗಿದೆ. ಅವನು ನಕ್ಕು ಒಂದು ತುಂಡು ಪೈಪನ್ನು ಕಿಟ್ ಜೊತೆಗೇ ಚೀಲಕ್ಕೆ ಹಾಕಿದ.

ಮನೆಗೆ ಬಂದು ಜೀಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ. ಈ ಜೀಪಿನಲ್ಲಿ ಸಿಲಿಂಡರ್ ಇರುವುದು ಕಾಲಿಡುವ ತಗಡಿನ ಕೆಳಗೆ. ಬಿಚ್ಚಿ ನೋಡಿದರೆ ಒಳಗಿನ ರಬ್ಬರು ಅಂಚು ಹರಿದು ಜೋಲುತ್ತಿತ್ತು. ಸಿಲಿಂಡರಿನೊಳಗೆ ಕಿರುಬೆರಳು ಹಾಕಿ ತಿರುಗಿಸಿದೆ. ತುಕ್ಕು ಹಿಡಿದಿರಲಿಲ್ಲ, ನುಣ್ಣಗಿತ್ತು. ಬ್ರೇಕ್ ಆಯಿಲಿನಲ್ಲೇ ತೊಳೆದು, ಹೊಸ ರಬ್ಬರು ಹಾಕಿ, ಮತ್ತೆ ಜೋಡಿಸಿದೆ. ಇಷ್ಟು ಒಬ್ಬನೇ ಮಾಡುವ ಕೆಲಸ. ಇದಾದ ಮೇಲಿನದೇ ಫಜೀತಿ.

ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರುತ್ತದೆ. ಅದನ್ನು ತೆಗೆಯದಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಮೇಲೆ ಕೂತವರು ಪೆಡಲನ್ನು ಒತ್ತಿ ಒತ್ತಿ, ಕೊನೆಗೆ ಒತ್ತಿ ಹಿಡಿಯಬೇಕು. ಕೆಳಗಿರುವವನು ಚಕ್ರದ ಹಿಂದಿರುವ ಗಾಳಿ ಬಿಡುವ ತಿರುಪನ್ನು, ಅಂದರೆ ನಿಪ್ಪಲನ್ನು, ಸಡಿಲಿಸಿ, ಗಾಳಿ ಬುಸ್ಸೆಂದ ಕೂಡಲೇ ಬಿಗಿ ಮಾಡಿ, ಬಿಡು ಎನ್ನಬೇಕು. ಅದಕ್ಕೆ ಮೊದಲೇ ಮೇಲಿನವರು ಕಾಲೆತ್ತಿದರೆ ಹೋದ ಗಾಳಿಯೆಲ್ಲ ವಾಪಸ್.

ಪಾಪಮ್ಮ ಒಂದು ಸಲವೂ ಮೊದಲೇ ಕಾಲೆತ್ತಿದವಳಲ್ಲ. ಒಲೆಯ ಮೇಲೆ ಸಾರಿದ್ದರೂ ಗೊಣಗುತ್ತಾ ಬಂದು, ಸೀರೆ ಎತ್ತಿ ಕಟ್ಟಿ, ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ನಮ್ಮ ಕಡೆ ನನ್ನ ವಯಸ್ಸಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮಪ್ಪ ನಮ್ಮವ್ವನನ್ನು 'ಅಮ್ಮಿ' ಎನ್ನುತ್ತಿದ್ದ, ನಾನೂ 'ಅಮ್ಮಿ' ಎಂದೆ. ಆದರೆ ಜೀಪಿನ ಅಡಿಯಿಂದ 'ಅಮ್ಮಿ' ಎಂದರೆ ಮೇಲಿನವರೆಗೆ ಮುಟ್ಟುವುದಿಲ್ಲ. ಆದ್ದರಿಂದ ಅಲ್ಲಿ ಮಾತ್ರ ಬಾಯಿ ತುಂಬ ಕೂಗುತ್ತಿದ್ದೆ. "ಪಾಪಮ್ಮಾ, ಒತ್ತು!" ಮೇಲೆ ಪೆಡಲು ಒತ್ತಿ ಹಿಡಿದವಳಿಂದ ಉತ್ತರ ಬರುತ್ತಿತ್ತು, "ಇಡ್ದಿವ್ನಿ!" ಬೀದಿಯವರಿಗೆಲ್ಲ ಅವಳ ಹೆಸರು ಕೇಳಿಸುತ್ತಿತ್ತು.

ಈಗ ಸೀಟು ಖಾಲಿ. ಪೈಪಿನ ತುಂಡು ಚೀಲದಲ್ಲೇ ಇತ್ತು. ಅದನ್ನು ಮುಟ್ಟದೆ ಪಕ್ಕದ ಮನೆಯ ಪುಟ್ಟಲಕ್ಷ್ಮಿಯನ್ನು ಕರೆದೆ. ಪಾಪಮ್ಮನ ಗೆಳತಿ, ನನಗೂ ಒಂದು ಹೊತ್ತು ಮುದ್ದೆ ಕೊಡುವ ಪುಣ್ಯಾತ್ಗಿತ್ತಿ. ಆದರೆ ಪೆಡಲು ಒತ್ತುವುದರಲ್ಲಿ ಅವಳಷ್ಟು ದಡ್ಡರು ಈ ತಾಲ್ಲೂಕಿನಲ್ಲೇ ಇಲ್ಲ.

"ಒತ್ತವ್ವ."

"ಒತ್ತುದೆ."

"ಇಡ್ಕೊ. ಬುಡ್ಬೇಡ... ಅಯ್ಯೋ, ಯಾಕವ್ವ ಬುಟ್ಟೆ?"

"ನೀವು ಬುಡು ಅಂದಂಗಾಯ್ತಲ್ಲ ಭಾವ!"

ಹೀಗೇ ಸಾಕಷ್ಟು ಹೊತ್ತು ನಡೆಯಿತು. ಹಾಕಿದ ಆಯಿಲೆಲ್ಲ ನೆಲದ ಪಾಲಾಯಿತು. ಪೆಡಲು ಮಾತ್ರ ನೆಂದ ಹತ್ತಿಯ ಹಾಗೆ ಮೆತ್ತಗೇ ಇತ್ತು. ನಾನು ಬೈದೆ. ಅವಳೂ ಸುಮ್ಮನಿರಲಿಲ್ಲ.

"ಅಲ್ಲ ಭಾವ, ಬಾಟ್ಲಿಗೆ ಪೈಪ್ ಬುಟ್ಕಂಡು ಒಬ್ರೇ ಮಾಡ್ಬೋದಂತಲ್ಲ. ನನ್ ಪ್ರಾಣ ಯಾಕ್ ತಿಂತೀರಿ?"

"ನಿಂಗ್ಯಾರು ಏಳುದ್ರು?"

"ಪಾಪಕ್ಕನೇ. ನಂಜನಗೂಡಲ್ಲಿ ಯಾವ್ದೋ ಗ್ಯಾರೇಜಲ್ಲಿ ನೋಡ್ಕಂಬಂದಿದ್ಲು. ಬೋ ವರ್ಸ ಆಯ್ತು."

ನಾನು ಸ್ಪ್ಯಾನರ್ ಕೆಳಗಿಟ್ಟೆ. "ಮತ್ತೆ ಯಾಕ್ ಬಂದು ಒತ್ತಾ ಇದ್ಲು?"

"ನಾನೂ ಅದ್ನೇ ಕೇಳ್ದೆ. 'ದಿನವೆಲ್ಲ ಬಾಯೇ ಬುಡ್ದಿರೋ ಮನ್ಸ ಕಣೇ. ಆ ಜೀಪ್ ಅಡೀಲಿ ಮನಗಿದ್ರೆ ಮಾತ್ರ ನನ್ನೆಸ್ರು ಕೂಗ್ತಾನೆ. ಕೂಗ್ಲಿ ಬುಡು' ಅಂದ್ಲು." ಅಷ್ಟು ಹೇಳಿ ಪುಟ್ಟಲಕ್ಷ್ಮಿಯೇ ಗಾಬರಿಯಾದಳು. "ಏನೋ ಬಾಯಿಗ್ ಬಂತು ಭಾವ, ಬೇಜಾರ್ ಮಾಡ್ಕಬೇಡಿ."

ಜೀಪಿನ ಅಡಿಯಲ್ಲಿ ಮಲಗಿದವನ ಮುಖ ಯಾರಿಗೂ ಕಾಣುವುದಿಲ್ಲ. ಅದೊಂದು ಅನುಕೂಲ. "ಓಗವ್ವ, ಒಲೆ ನೋಡ್ಕೋ" ಎಂದು ಅವಳನ್ನು ಕಳಿಸಿ ಅಲ್ಲೇ ಮಲಗಿದ್ದೆ. ಅತ್ತುಬಿಟ್ಟೆ. ಅಳು ನಿಂತ ಮೇಲೆ ನಗುವೂ ಬಂತು. ಆ ಬಾಟಲಿಯ ಉಪಾಯ ನಾನು ಇಲಾಖೆಗೆ ಸೇರಿದ ಹೊಸದರಲ್ಲೇ ಕಲಿತಿದ್ದೆ. ಬ್ರೇಕು ಗಟ್ಟಿ ಬರುವುದಿಲ್ಲ ಎನ್ನುವುದು ನಾನೇ ಕಟ್ಟಿದ ಕತೆ. ಪಾಪಮ್ಮನನ್ನು ಪಕ್ಕಕ್ಕೆ ಕರೆಯಲು ನನಗೂ ಬೇರೆ ನೆಪ ಗೊತ್ತಿರಲಿಲ್ಲ. ಅವಳಿಗೆ ಅದೆಲ್ಲ ಗೊತ್ತಿತ್ತು, ಗೊತ್ತಿದ್ದೂ ಸಾರು ಉಕ್ಕಲು ಬಿಟ್ಟು ಬರುತ್ತಿದ್ದಳು. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಲೇ ಇಲ್ಲ.

ಎದ್ದು ಚೀಲದಿಂದ ಪೈಪು ತೆಗೆದೆ. ಒಂದು ತುದಿ ಸಡಿಲಿಸಿದ ನಿಪ್ಪಲ್‌ಗೆ, ಇನ್ನೊಂದು ತುದಿ ಆಯಿಲ್ ಹಾಕಿದ ಬಾಟಲಿಯೊಳಗೆ. ಪೈಪಿನ ಬಾಯಿ ಆಯಿಲಿನಲ್ಲಿ ಮುಳುಗಿದ್ದರೆ ಗಾಳಿ ವಾಪಸ್ ಹೋಗುವುದಿಲ್ಲ. ಹತ್ತಿ ಕೂತು ಮೆಲ್ಲಗೆ ಒತ್ತಿದೆ, ಇಳಿದು ಗುಳ್ಳೆ ನೋಡಿದೆ, ಆಯಿಲ್ ತುಂಬಿದೆ, ಮತ್ತೆ ಹತ್ತಿದೆ. ನಾಲ್ಕೂ ಚಕ್ರಕ್ಕೆ ಹೀಗೇ ಹತ್ತಿ ಇಳಿದು ಸೊಂಟ ಬಿದ್ದುಹೋಯಿತು. ಗುಳ್ಳೆ ನಿಂತವು, ನಿಪ್ಪಲ್ ಬಿಗಿದೆ. ಪೆಡಲು ಗಟ್ಟಿಯಾಯಿತು. ಅವಳು ಒತ್ತಿದಾಗ ಬರುತ್ತಿದ್ದಷ್ಟೇ ಗಟ್ಟಿ.

ಕೊನೆಗೊಂದು ಪರೀಕ್ಷೆ ಇರುತ್ತದೆ. ಪೆಡಲನ್ನು ಒತ್ತಿ ಹಿಡಿದು ಸುಮ್ಮನೆ ಕೂರಬೇಕು. ಕಾಲಡಿಯಲ್ಲಿ ಅದು ಮೆಲ್ಲಗೆ ಇಳಿದರೆ ಇನ್ನೂ ಸೋರುತ್ತಿದೆ ಎಂದರ್ಥ. ಒತ್ತಿ ಹಿಡಿದು ಕೂತೆ. ಇಳಿಯಲಿಲ್ಲ. ನಾಳೆ ಬದನವಾಳಿಗೆ ಹೋಗಬಹುದು. ಇಂದ್ರಾಣಿ ಬರುತ್ತಾಳೆ, ಸೀರೆ ಬರುತ್ತದೆ.

ಕಾಲು ನೋಯತೊಡಗಿತು. ಆದರೂ ಎತ್ತಲಿಲ್ಲ. ಕೆಳಗಿನಿಂದ ಯಾರಾದರೂ ಹೇಳದೆ ಎತ್ತಬಾರದು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

"ಪಾಪಮ್ಮಾ" ಎಂದು ಕೂಗಿದೆ, ಜೀಪಿನ ಅಡಿಗೂ ಕೇಳಿಸುವ ಹಾಗೆ. "ಇಡ್ದಿವ್ನಿ ಕಣ್ ಪಾಪಮ್ಮಾ!"

ಪಕ್ಕದ ಮನೆಯಲ್ಲಿ ಪುಟ್ಟಲಕ್ಷ್ಮಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.