ಮ್ಯಾನೇಜರಿಗೆ ಇಲ್ಲದ ಹೆಂಡತಿ

ಮ್ಯಾನೇಜರಿಗೆ ಹೆಂಡತಿಯೇ ಇರಲಿಲ್ಲ. ಎಂಟು ವರ್ಷ ನಾವು ಅವಳ ವಿಷಯಕ್ಕೆ ನಕ್ಕಿದ್ದೆವು.

ಅವಳ ಗೊರಕೆಗೆ ಪಕ್ಕದ ಮನೆಯವರು ಎದ್ದು, ಯಾರೋ ಕರೆದರೆಂದು ಬಾಗಿಲು ತೆರೆಯುತ್ತಿದ್ದರು. ಆಸ್ಪತ್ರೆಯ ಸಾವಿರ ಹಾಸಿಗೆಯ ಬಟ್ಟೆ ಒಗೆಸುವ ಗಂಡನಿಗೆ ಅವನ ಕಾಲುಚೀಲ ಅವನೇ ಒಗೆದುಕೊಳ್ಳಬೇಕೆಂದು ತಾಕೀತು ಮಾಡಿದ್ದಳು. ಅವಳಿಗೆ ಮಂಡಿನೋವು ಇತ್ತು, ಒಬ್ಬ ಅಣ್ಣ ಇದ್ದ, ಆ ಅಣ್ಣನಿಗೆ ಮೀಸೆ ಇತ್ತು. ಮ್ಯಾನೇಜರನ್ನು ನಾವು ನಮ್ಮೊಳಗೆ ‘ಪಾಪದ ಗಂಡ’ ಎಂದು ಕರೆಯುತ್ತಿದ್ದೆವು. ಅವನು ಕೂಗಾಡಿದ ದಿನ ಮಡಿಸುವ ಮೇಜಿನ ಹಿರಿಯಳು, ಎಲ್ಲರ ಪಾಲಿನ ದೊಡ್ಡಕ್ಕ, ‘ಬಿಡ್ರೇ, ಮನೇಲಿ ಏಟು ತಿಂದು ಬಂದಿರ್ತಾರೆ’ ಎನ್ನುತ್ತಿದ್ದಳು. ಅಲ್ಲಿಗೆ ಸಿಟ್ಟು ಇಳಿದುಹೋಗುತ್ತಿತ್ತು.

ಇದೆಲ್ಲ ನಮಗೆ ಗೊತ್ತಾದದ್ದು ಸೋಮವಾರಗಳಲ್ಲಿ. ಬೆಳಿಗ್ಗೆ ಎಂಟಕ್ಕೆ, ಯಂತ್ರಗಳು ಶುರುವಾಗುವ ಮುಂಚೆ, ಒಗೆಯುವ ಡ್ರಮ್ಮುಗಳಿಗೂ ಮಡಿಸುವ ಮೇಜುಗಳಿಗೂ ನಡುವಿನ ಜಾಗದಲ್ಲಿ ಮೂವತ್ತು ಜನ ನಿಲ್ಲುತ್ತಿದ್ದೆವು. ಎಲ್ಲರೂ ನಮ್ಮ ಕಡೆಯವರೇ, ಎಲ್ಲರದೂ ನಮ್ಮ ಬಣ್ಣವೇ. ಕಟ್ಟಡ ಮತ್ತು ಯಂತ್ರ ಬೆಳ್ಳಗಿನವರದು, ಮ್ಯಾನೇಜರೂ ಅವರವನೇ. ಅವನು ಮಗುಚಿದ ಪೆಟ್ಟಿಗೆಯೊಂದರ ಮೇಲೆ ನಿಂತು ಅವರ ಭಾಷೆಯಲ್ಲಿ ವಾರದ ಕೆಲಸ ಹೇಳುತ್ತಿದ್ದ. ಕೊನೆಗೆ ಒಂದು ತಮಾಷೆ ಮಾಡಿ ತಾನೇ ಮೊದಲು ನಗುತ್ತಿದ್ದ. ಪಕ್ಕದಲ್ಲಿ ನಿಂತ ನನ್ನ ಚಿಕ್ಕಪ್ಪ ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಆಗ ನಾವು ನಗುತ್ತಿದ್ದೆವು. ನಗು ಎರಡು ಸಲ ಬರುತ್ತಿತ್ತು, ಮೊದಲು ಅವನದು, ಆಮೇಲೆ ನಮ್ಮದು.

ಚಿಕ್ಕಪ್ಪನ ಕೆಲಸ ಅದೇ, ದುಭಾಷಿ. ಅಪ್ಪ ಬದುಕಿದ್ದಾಗ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಎದೆ ಕೆಟ್ಟು ಹಾಸಿಗೆ ಹಿಡಿದ ಮೇಲೂ ಸೋಮವಾರ ಸಂಜೆ ಬಾಗಿಲ ಕಡೆ ಕಿವಿ ಇಟ್ಟುಕೊಂಡಿರುತ್ತಿದ್ದ. ಚಿಕ್ಕಪ್ಪ ಬೂಟು ಬಿಚ್ಚುವ ಮೊದಲೇ, ‘ಏನಂತೋ ಇವತ್ತು ಪಾಪದ ಗಂಡಂದು?’ ಎಂದು ಕೇಳುತ್ತಿದ್ದ. ನಗುವುದಕ್ಕೆ ಉಸಿರು ಸಾಲದೆ ಕೆಮ್ಮುತ್ತಿದ್ದ, ಕೆಮ್ಮುತ್ತ ಇನ್ನೊಂದು ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಅವನು ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ನನ್ನನ್ನು ಸಾಕಿದವನು ಚಿಕ್ಕಪ್ಪನೇ.

ನಾನು ಅವರ ಭಾಷೆ ಕಲಿಯಲು ಸಂಜೆಯ ಪಾಠಕ್ಕೆ ಸೇರಿದ್ದು ಅವನಿಗೆ ಹಿಡಿಸಲಿಲ್ಲ. ‘ನಾನಿಲ್ವಾ ಪುಟ್ಟಿ? ಒಂದು ಮನೆಗೆ ಎಷ್ಟು ನಾಲಿಗೆ ಬೇಕು?’ ಎಂದ. ನಾನು ನಕ್ಕು ಹೋದೆ. ಮೊದಲ ಪಾಠ ಅಂಕೆಗಳು, ಎರಡನೆಯದು ಬಣ್ಣಗಳು, ಮೂರನೆಯದು ದೇಹದ ಭಾಗಗಳು, ನಾಲ್ಕನೆಯದು ಕುಟುಂಬ. ಮುಂದಿನ ಸೋಮವಾರಕ್ಕೆ ಇಷ್ಟೇ ಸಾಕಾಯಿತು.

ಆ ದಿನ ಸಭೆಯ ನಡುವೆ ಕರೆಂಟ್ ಹೋಯಿತು. ನಮ್ಮ ಹಾಲ್‌ಗೆ ಕಿಟಕಿಯಿಲ್ಲ. ಮೇಲಿನ ಗಾಳಿಕಂಡಿಯಿಂದ ಬಂದ ಒಂದಿಷ್ಟು ಬೂದು ಬೆಳಕಿನಲ್ಲಿ ಮ್ಯಾನೇಜರ್ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮಾತು ನನ್ನ ಕಿವಿಗೆ ಒಂದೊಂದೇ ಪದವಾಗಿ ಬಂತು. ಕತ್ತಲು. ಕಪ್ಪು. ಹಲ್ಲು. ಎಣಿಸು. ನಾನು ಅವನ್ನು ಪಾಠದಲ್ಲಿ ಕಲಿತ ಹಾಗೆ ಜೋಡಿಸಿದೆ: ಕತ್ತಲಲ್ಲಿ ಕಪ್ಪಗಿನ ನೀವು ಯಾರೂ ಕಾಣುವುದಿಲ್ಲ, ಹಲ್ಲು ತೋರಿಸಿ, ಎಷ್ಟು ಜನ ಬಂದಿದ್ದೀರೆಂದು ಎಣಿಸುತ್ತೇನೆ.

ಹೆಂಡತಿ ಎಂಬ ಪದ ಬರಲೇ ಇಲ್ಲ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. ‘ಸಾಹೇಬರು ಹೇಳ್ತಾರೆ, ಮನೇಲಿ ಕರೆಂಟ್ ಹೋದ್ರೆ ಅವರಿಗೆ ಖುಷಿಯಂತೆ. ಹೆಂಡತಿ ಕಣ್ಣಿಗೆ ಬೀಳಲ್ಲವಲ್ಲ! ಆದ್ರೆ ಏನು ಮಾಡೋದು, ಆಕೆ ಬಾಯಿ ಕರೆಂಟಲ್ಲಿ ಓಡೋದಲ್ಲ ಅಂತಾರೆ.’

ಇಡೀ ಹಾಲ್ ಬಿದ್ದುಬಿದ್ದು ನಕ್ಕಿತು. ಬಾಯ್ಲರ್ ಭಾವ, ಅಂದರೆ ಅಪ್ಪನ ಜಾಗಕ್ಕೆ ಬಂದ ನನ್ನ ಅಕ್ಕನ ಗಂಡ, ಗೋಡೆಗೆ ಒರಗಿದ. ದೊಡ್ಡಕ್ಕನ ಬಾಯಿ ಕಿವಿಯವರೆಗೆ ತೆರೆಯಿತು. ಆ ಬೂದು ಬೆಳಕಿನಲ್ಲಿ ನಿಜಕ್ಕೂ ಹಲ್ಲುಗಳೇ ಕಾಣುತ್ತಿದ್ದವು. ಮ್ಯಾನೇಜರ್ ತೋರುಬೆರಳು ಎತ್ತಿ ಎಣಿಸತೊಡಗಿದ. ಒಂದು, ಎರಡು, ಮೂರು. ಅಂಕೆಗಳು ನನಗೆ ಚೆನ್ನಾಗಿ ಬರುತ್ತಿದ್ದವು. ಬೆರಳು ನನ್ನ ಹತ್ತಿರ ಬಂದಾಗ ನಾನು ಹದಿನೇಳು. ನಾನೂ ನಗುತ್ತಿದ್ದೆ. ಮುಖ ಅದನ್ನು ತಾನಾಗಿ ಮಾಡಿಬಿಟ್ಟಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಚಿಕ್ಕಪ್ಪ ಪಾತ್ರೆ ತೊಳೆಯುತ್ತಿದ್ದ, ನಾನು ಒರೆಸುತ್ತಿದ್ದೆ.

‘ಚಿಕ್ಕಪ್ಪ, ಮ್ಯಾನೇಜರ್ ಹೆಂಡತಿ ನೋಡೋಕೆ ಹೇಗಿದಾಳೆ?’

‘ಹೇಗಿರ್ತಾಳೆ, ಹೆಂಡತಿ ಇದ್ದಂಗೆ ಇದಾಳೆ.’

‘ಹಲ್ಲಿಗೆ ಅವರ ಭಾಷೇಲಿ ಏನಂತಾರೆ ಅಂತ ಗೊತ್ತಾಯ್ತು ನನಗೆ.’

ಅವನು ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಳ್ಳಲಿಲ್ಲ. ‘ಮೊದಲನೇ ವಾರ, ನೀನಿನ್ನೂ ಕೆಲಸಕ್ಕೆ ಸೇರಿರಲಿಲ್ಲ, ನೇರವಾಗೇ ಹೇಳಿದ್ದೆ ಕಣೆ’ ಎಂದ. ‘ಯಾರೂ ನಗಲಿಲ್ಲ. ನಿಮ್ಮಪ್ಪ ಕೈಲಿದ್ದ ಬಟ್ಟೆ ನೆಲಕ್ಕೆ ಬಿಸಾಕಿದ. ಆ ವಾರ ನಾಲ್ಕು ಜನರನ್ನ ಮನೆಗೆ ಕಳಿಸಿದ್ರು. ಮುಖ ಗಂಟು ಹಾಕ್ಕೊಂಡು ಕೆಲಸ ಮಾಡ್ತಾರೆ ಅನ್ನೋದೇ ಕಾರಣ. ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರು ಅಂತಾರಲ್ಲ, ಹಾಗಾಯ್ತು. ಎರಡನೇ ವಾರ ನಾನೇ ಒಂದು ಹೆಂಡತಿ ಕಟ್ಟಿದೆ.’

‘ಅಪ್ಪನಿಗೆ ಗೊತ್ತಿತ್ತಾ?’

‘ಎರಡನೇ ವಾರ ನಾನಂದೆ, ಸಾಹೇಬರು ತಮ್ಮ ತಪ್ಪು ತಿಳ್ಕೊಂಡ್ರು, ಬದಲಾಗಿದಾರೆ ಅಂತ. ಎಲ್ರೂ ನಂಬಿದ್ರು, ಅವನೂ ನಂಬಿದ. ನನ್ನ ಮಾತು ಯಾವತ್ತು ನಂಬಿಲ್ಲ ಅವನು?’

ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. ಅಪ್ಪ ಕೊನೆಯ ತಿಂಗಳಲ್ಲಿ, ‘ಒಳ್ಳೇ ಮನುಷ್ಯ ಕಣೆ, ತನ್ನನ್ನೇ ಆಡ್ಕೊಂಡು ನಗ್ತಾನೆ’ ಎಂದು ಮ್ಯಾನೇಜರ ಬಗ್ಗೆ ಹೇಳಿದ್ದ.

‘ದೊಡ್ಡಕ್ಕ ಆಕೆ ಮಂಡಿನೋವಿಗೆ ಅಂತ ಉಣ್ಣೆ ಕಾಲುಚೀಲ ಹೆಣೆದು ಕೊಟ್ಟಿದ್ದಳಲ್ಲ, ಅದೆಲ್ಲಿ?’

‘ಬೀರು ಮೇಲಿದೆ.’ ತಟ್ಟೆಯೊಂದನ್ನು ನನ್ನತ್ತ ಚಾಚಿ, ‘ಹಾಕ್ಕೊಂಡಿಲ್ಲ’ ಎಂದ, ಅದೇ ದೊಡ್ಡ ಪ್ರಾಮಾಣಿಕತೆ ಎಂಬಂತೆ.

ಮತ್ತೆ ಅವನೇ ಅಂದ: ‘ಯಾರಿಗೆ ಏನು ನಷ್ಟ ಹೇಳು? ಅವನು ಬೈದ, ಆ ಬೈಗುಳ ನನ್ನ ಹತ್ರ ನಿಂತುಹೋಯ್ತು. ನಿಮಗೆ ಮುಟ್ಟಲೇ ಇಲ್ಲ. ಮುಟ್ಟದ ಏಟು ಏಟಾ? ಎಂಟು ವರ್ಷ ಮೂವತ್ತು ಮನೆ ಒಲೆ ಉರೀತಲ್ಲ. ನಗೋದ್ರಲ್ಲಿ ಏನು ತಪ್ಪಿದೆ?’

‘ನಮಗೆ ಮುಟ್ಟಲಿಲ್ಲ, ಸರಿ. ಅವನಿಗೆ ನಮ್ಮ ನಗು ಮುಟ್ಟಿತಲ್ಲ ಚಿಕ್ಕಪ್ಪ. ಹಲ್ಲು ತೋರಿಸಿ ಅಂದ, ತೋರಿಸಿದ್ವಿ. ಅವನ ಲೆಕ್ಕದಲ್ಲಿ ನಾವು ಅದಕ್ಕೇ ನಕ್ಕಿದ್ದು.’

ಅವನು ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡ, ಒದ್ದೆ ಕೈ. ನಾನು ಹೇಳಲಿಲ್ಲ. ಮುಂದಿನ ಎರಡು ಸೋಮವಾರವೂ ದೊಡ್ಡಕ್ಕನ ಪಕ್ಕ ನಿಂತು ನಕ್ಕೆ.

ದೂರು ಕೊಟ್ಟದ್ದು ನಾನಲ್ಲ, ಬಟ್ಟೆ ಪರೀಕ್ಷಿಸಲು ಆಸ್ಪತ್ರೆಯಿಂದ ಬಂದಿದ್ದ ಒಬ್ಬ ನರ್ಸು. ಆ ಎರಡನೇ ಸೋಮವಾರ ಅವಳೆದುರು ಮ್ಯಾನೇಜರ್, ‘ನಮ್ಮ ಸೋಪು ಎಂಥದು ನೋಡಿ, ಇಂಥ ಕೈಗಳಿಂದಲೂ ಬಟ್ಟೆ ಬೆಳ್ಳಗೆ ಬರುತ್ತದೆ’ ಎಂದಿದ್ದನಂತೆ. ಚಿಕ್ಕಪ್ಪ ಅದನ್ನು ಹೆಂಡತಿ ಕೊಂಡ ದುಬಾರಿ ಸೋಪಿನ ಕಥೆ ಮಾಡಿದ್ದ. ನಾವೆಲ್ಲ ನಗುವುದನ್ನು ಕಂಡು ಆ ನರ್ಸಿನ ಮುಖ ಯಾಕೆ ಹಾಗಾಯಿತೆಂದು ದೊಡ್ಡಕ್ಕ ದಿನವಿಡೀ ಕೇಳಿದ್ದಳು: ‘ಪಾಪ, ಆಕೆಗೆ ಮದುವೆ ಆಗಿಲ್ಲವೇನೋ.’

ವಾರದೊಳಗೆ ಮುಖ್ಯ ಕಚೇರಿಯಿಂದ ವಿಚಾರಣೆಗೆ ಒಬ್ಬ ಮೇಡಂ ಬರುತ್ತಾರೆಂದು ಗೊತ್ತಾಯಿತು. ಹಿಂದಿನ ಸಂಜೆ ಚಿಕ್ಕಪ್ಪ ತಾನಾಗಿಯೇ ನನ್ನ ಮುಂದೆ ಬಂದು ಕುಳಿತ. ‘ನಾಳೆ ಇದ್ದದ್ದು ಇದ್ದಂಗೆ ಹೇಳ್ತೀನಿ ಪುಟ್ಟಿ. ಅವರು ಕೇಳಿದ್ದನ್ನ ಹಾಗೇ ಕೇಳ್ತೀನಿ. ನಿಮ್ಮಪ್ಪನ ಆಣೆ.’ ನನಗೆ ಎಷ್ಟು ಹಗುರವಾಯಿತೆಂದರೆ, ಅವನ ಅಂಗಿಗೆ ನಾನೇ ಇಸ್ತ್ರಿ ಹಾಕಿ ಗೂಟಕ್ಕೆ ನೇತು ಹಾಕಿದೆ.

ಮೇಡಂ ಊಟದ ಕೋಣೆಯಲ್ಲಿ ಉದ್ದ ಮೇಜಿನ ತುದಿಗೆ ಕುಳಿತರು. ಒಂದು ಪಕ್ಕ ಮ್ಯಾನೇಜರ್, ಇನ್ನೊಂದು ಪಕ್ಕ ಚಿಕ್ಕಪ್ಪ. ನಾವು ಬೆಂಚುಗಳ ಮೇಲೆ. ಮೇಡಂ ನಿಧಾನವಾಗಿ, ಸ್ಪಷ್ಟವಾಗಿ ಮಾತಾಡುವವರು, ನನ್ನ ಪಾಠದ ಮೇಷ್ಟರ ಹಾಗೆ. ಅವರು ಕೇಳಿದ್ದು ನನಗೆ ಬಹುಪಾಲು ಅರ್ಥವಾಯಿತು: ಮ್ಯಾನೇಜರ್ ನಿಮ್ಮ ಬಣ್ಣದ ಬಗ್ಗೆ, ದೇಹದ ಬಗ್ಗೆ ನೋವಾಗುವಂಥ ತಮಾಷೆ ಮಾಡಿದ್ದಾರೆಯೇ?

ಚಿಕ್ಕಪ್ಪ ನಮ್ಮ ಕಡೆ ತಿರುಗಿದ. ನನ್ನ ಕಣ್ಣು ತಪ್ಪಿಸಿದ. ಆಗಲೇ ನನಗೆ ತಿಳಿಯಿತು.

‘ಸಾಹೇಬರು ಸೋಮವಾರ ತಮಾಷೆ ಮಾಡ್ತಾರಲ್ಲ, ಅದರಿಂದ ನಿಮಗೇನಾದ್ರೂ ತೊಂದರೆ ಇದೆಯಾ ಅಂತ ಕೇಳ್ತಿದಾರೆ.’

‘ಅಯ್ಯೋ, ತೊಂದರೆ ಎಂಥದು?’ ದೊಡ್ಡಕ್ಕ ಕುಳಿತಲ್ಲೇ ಕೈ ಬೀಸಿದಳು. ‘ಅಷ್ಟು ನಗಿಸೋರು ಎಲ್ಲಿ ಸಿಗ್ತಾರೆ? ತೊಂದರೆ ಇದ್ರೆ ಅವರ ಮನೆಯಾಕೆಗೆ ಇರಬೇಕು.’

‘ನಿಲ್ಲಿಸಿದ್ರೆ ನಾವು ದೂರು ಕೊಡ್ತೀವಿ ಅಂತ ಹೇಳಿ’ ಎಂದ ಬಾಯ್ಲರ್ ಭಾವ. ಬೆಂಚುಗಳು ನಕ್ಕವು.

ಚಿಕ್ಕಪ್ಪ ಮೇಡಂ ಕಡೆ ತಿರುಗಿ ಹೇಳಿದ: ಯಾರಿಗೂ ನೋವಾಗಿಲ್ಲ, ಇವರಿಗೆ ಆ ತಮಾಷೆಗಳು ಇಷ್ಟ. ಇಷ್ಟ ಎಂಬ ಪದ ಹಿಂದಿನ ವಾರದ ಪಾಠದಲ್ಲಿತ್ತು. ಮ್ಯಾನೇಜರ್ ಎರಡೂ ಕೈ ಚೆಲ್ಲಿ ಮೇಡಂ ಮುಖ ನೋಡಿದ, ನಾನು ಹೇಳಲಿಲ್ಲವೇ ಎಂಬಂತೆ. ಆಮೇಲೆ ನಮ್ಮ ಕಡೆ ನೋಡಿದ. ಅವನ ಕಣ್ಣಲ್ಲಿ ನಿಜವಾದ ಕೃತಜ್ಞತೆ ಇತ್ತು, ಪ್ರೀತಿ ಎಂದರೂ ತಪ್ಪಿಲ್ಲ. ನಾವು ಎಂಟು ವರ್ಷ ಅವನಿಗೆ ಒಪ್ಪಿಗೆ ಕೊಡುತ್ತ ಬಂದಿದ್ದೆವು. ಈಗ ಅದನ್ನು ಬರೆದುಕೊಡುವುದಷ್ಟೇ ಬಾಕಿ.

ಕಾಗದ ಬಂತು. ದೂರು ಇಲ್ಲ ಎಂದು ಬರೆದ ಕಾಗದ. ದೊಡ್ಡಕ್ಕ ಪೆನ್ನು ಹಿಡಿದಳು.

‘ಅಕ್ಕ, ಸೈನ್ ಹಾಕಬೇಡ’ ಎಂದೆ. ಎದ್ದು ನಿಂತಿದ್ದೆ. ‘ಮ್ಯಾನೇಜರಿಗೆ ಹೆಂಡತಿ ಇಲ್ಲ.’

‘ಹ್ಞಾ! ಕೊನೆಗೂ ಬಿಟ್ಟು ಓಡಿಹೋದ್ಲಾ?’ ಎಂದ ಭಾವ. ಕೋಣೆ ಸಿಡಿದು ನಕ್ಕಿತು. ದೊಡ್ಡಕ್ಕ ಪೆನ್ನು ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಮ್ಯಾನೇಜರೂ ನಕ್ಕ, ಏನೂ ತಿಳಿಯದೆ, ನಾವು ನಕ್ಕೆವೆಂದು.

ನಾನು ಕಾದೆ. ನಗು ಮುಗಿದ ಮೇಲೆ ಹೇಳಿದೆ. ಹಲ್ಲಿನ ಮಾತು ಹೇಳಿದೆ, ಬೆರಳಿನ ಎಣಿಕೆ ಹೇಳಿದೆ, ಸೋಪಿನ ಮಾತು ಹೇಳಿದೆ. ‘ಹೆಂಡತಿನ ಕಟ್ಟಿದ್ದು ಚಿಕ್ಕಪ್ಪ. ನನ್ನ ಚಿಕ್ಕಪ್ಪ ಎಂಟು ವರ್ಷ ನಮ್ಮನ್ನ ಮೋಸದಿಂದ ನಗಿಸಿದಾನೆ. ಇವತ್ತೂ ಮೇಡಂ ಕೇಳಿದ್ದು ಬೇರೆ, ಅವನು ಕೇಳಿದ್ದು ಬೇರೆ.’

ಭಾವನ ಮುಖದ ಮೇಲೆ ನಗು ಇನ್ನೂ ಅಂಟಿಕೊಂಡಿತ್ತು, ತೆಗೆಯಲು ಮರೆತವನ ಹಾಗೆ. ದೊಡ್ಡಕ್ಕ ಮ್ಯಾನೇಜರ ಕಡೆ ನೋಡಲೇ ಇಲ್ಲ. ಚಿಕ್ಕಪ್ಪನನ್ನು ನೋಡಿ, ‘ನಿಜವೇನಪ್ಪ?’ ಎಂದಳು. ಅವನು ತಲೆ ತಗ್ಗಿಸಿದ. ಅವಳ ಕೈ ತಾನಾಗಿ ಮೇಲೆ ಬಂದು ಬಾಯಿಯನ್ನು ಮುಚ್ಚಿತು. ಬೆರಳುಗಳ ಹಿಂದಿನಿಂದಲೇ ನನ್ನನ್ನು ಕೇಳಿದಳು, ‘ನಿಂಗೆ ಯಾವಾಗ ಗೊತ್ತಾಯ್ತು?’

‘ಮೂರು ವಾರ ಆಯ್ತು.’

‘ಮೂರು ವಾರ ನನ್ನ ಪಕ್ಕದಲ್ಲೇ ನಿಂತು ನಗ್ತಿದ್ದೀಯಲ್ಲೇ.’

ಮೇಡಂ ಚಿಕ್ಕಪ್ಪನನ್ನು ಕೇಳಿದರು: ಆಕೆ ಏನು ಹೇಳಿದಳು?

ಅವನು ಎದ್ದು ನಿಂತ. ನಾನು ಇಸ್ತ್ರಿ ಹಾಕಿದ ಅಂಗಿಯ ಕೊನೆಯ ಗುಂಡಿ ಮುಟ್ಟಿಕೊಂಡ. ಒಂದೊಂದೇ ವಾಕ್ಯ, ನಾನು ಹೇಳಿದ ಕ್ರಮದಲ್ಲೇ ಹೇಳಿದ. ಎಂದೂ ಇಲ್ಲದೆ, ನಿಜವಾದ ದುಭಾಷಿಗಳ ಹಾಗೆ ‘ಅವಳು’ ಎನ್ನದೆ, ಹೇಳಿದವರ ಬಾಯಾಗಿ ‘ನಾನು’ ಎಂದ. ಹೀಗಾಗಿ ‘ನನ್ನ ಚಿಕ್ಕಪ್ಪ’ ಎಂಬಲ್ಲಿಗೆ ಬಂದು ಅವನು ನಿಂತುಬಿಟ್ಟ. ಅವರ ಭಾಷೆಯಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲಕ್ಕೂ ಸೇರಿ ಒಂದೇ ಪದ, ಬಸ್ಸಿನಲ್ಲಿ ಸಿಕ್ಕ ಮುದುಕನಿಗೂ ಅದೇ. ಆ ಪದ ಅವನಿಗೆ ಸಾಲಲಿಲ್ಲ. ‘ನನ್ನ ಚಿಕ್ಕ ಅಪ್ಪ’ ಎಂದ ಅವರ ಭಾಷೆಯಲ್ಲಿ, ಬಿಡಿಸಿ. ‘ನನ್ನ ಚಿಕ್ಕ ಅಪ್ಪ ಎಂಟು ವರ್ಷ ನಮ್ಮನ್ನು ಮೋಸದಿಂದ ನಗಿಸಿದ್ದಾನೆ.’

ಚಿಕ್ಕ ಅಪ್ಪ ಎಂಬುದು ಮ್ಯಾನೇಜರಿಗೆ ಬಹಳ ತಮಾಷೆಯಾಗಿ ಕೇಳಿಸಿತು. ಅವನು ನಕ್ಕ. ನಕ್ಕು, ಅಭ್ಯಾಸದಂತೆ, ನಮ್ಮ ನಗುವಿಗಾಗಿ ಕಾದ.

ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿದ. ಕೆಲಸದ ದನಿಯಲ್ಲಿ, ‘ಬೇರೆ ಏನಾದರೂ ಹೇಳುವುದಿದೆಯೇ ಎಂದು ನಿಮ್ಮನ್ನು ಕೇಳುತ್ತಿದ್ದಾರೆ’ ಎಂದ. ನಿಮ್ಮನ್ನು ಎಂದ.

ನಾನು ಮೇಡಂಗೆ ನೇರವಾಗಿ, ಅವರ ಭಾಷೆಯಲ್ಲಿ, ಬಂದಷ್ಟು ವ್ಯಾಕರಣದಲ್ಲಿ ಹೇಳಿದೆ: ಮೂರು ವಾರ ನಾನೂ ನಕ್ಕೆ, ಗೊತ್ತಿದ್ದೂ ನಕ್ಕೆ, ಅದನ್ನೂ ಬರೆಯಿರಿ. ಅವರು ಬರೆದುಕೊಂಡರು.

‘ಏನಂದೆ ಅವರಿಗೆ?’ ದೊಡ್ಡಕ್ಕ ಕೇಳಿದಳು.

ಹೇಳಿದೆ, ಒಂದು ಪದವೂ ಬಿಡದೆ. ಅವಳು ಕೇಳಿಸಿಕೊಂಡಳು. ಆಮೇಲೆ, ನಾನು ಹೇಳಿದ್ದು ಸರಿಯೇ ಎಂದು ಕೇಳುವಂತೆ ಚಿಕ್ಕಪ್ಪನ ಕಡೆ ಕತ್ತು ತಿರುಗಿಸಿದಳು. ಅರ್ಧಕ್ಕೇ ನಿಲ್ಲಿಸಿದಳು. ಮೇಡಂ ಕಡೆ ನೋಡಿದಳು, ಮ್ಯಾನೇಜರ ಕಡೆ ನೋಡಿದಳು, ಕೊನೆಗೆ ಮೇಜಿನ ಮೇಲಿದ್ದ, ಅವಳಿಗೆ ಓದಲು ಬಾರದ ಕಾಗದವನ್ನು ನೋಡುತ್ತ ಕುಳಿತಳು. ಕೈ ಇನ್ನೂ ಬಾಯಿಯ ಮೇಲೇ ಇತ್ತು.