ಮೌನಕ್ಕೆ ಕೂತ ಮುದುಕನ ಕೊನೆಯ ಎಪಿಸೋಡು

೧

ಈ ಕಥೆಯನ್ನು ಹೆಣದಿಂದ ಶುರು ಮಾಡಬೇಕೋ ರೊಟ್ಟಿಯಿಂದಲೋ ಗೊತ್ತಾಗದೆ ಸುಮ್ಮನೆ ಕುಳಿತಿದ್ದೇನೆ. ಹೆಣದಿಂದ ಶುರು ಮಾಡಿದರೆ ನೀವು ಕೊಲೆಗಾರನನ್ನು ಹುಡುಕಲು ಹೊರಡುತ್ತೀರಿ. ರೊಟ್ಟಿಯಿಂದ ಶುರು ಮಾಡಿದರೆ ಪರದೇಶದಲ್ಲಿ ತವರಿನ ನೆನಪು, ಗೊತ್ತು ಬಿಡಿ ಎಂದು ಪುಟ ತಿರುವುತ್ತೀರಿ.

ಸರಿ, ಎರಡನ್ನೂ ಒಟ್ಟಿಗೇ ಇಡುತ್ತೇನೆ. ಕೆನಡಾದ ಟೊರಾಂಟೋ ಪಕ್ಕದ ಸ್ಟೌಫ್‌ವಿಲ್‌ನ ಒಂದು ಮನೆ, ಭಾನುವಾರ ಮಧ್ಯಾಹ್ನ. ಟಿವಿಯಲ್ಲಿ ಹೆಣ, ಒಲೆಯ ಮೇಲೆ ರೊಟ್ಟಿ. ಟಿವಿಗೆ ಮುಖ ಮಾಡಿ ಕುಳಿತವರು ನಿಜಗುಣ, ಧಾರವಾಡದವರು, ವುಡ್‌ಬ್ರಿಡ್ಜ್‌ನಲ್ಲಿ ಬಾಗಿಲು ತಯಾರಿಸುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಟಿವಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿರುವವರು ಅವರ ಹೆಂಡತಿ ಜಯಶೀಲಾ. ಸುತ್ತಲಿನ ಕನ್ನಡಿಗರ ಮನೆಗಳಿಗೆಲ್ಲ ಜೋಳದ ರೊಟ್ಟಿ ಹೋಗುವುದು ಇವರ ಕೈಯಿಂದಲೇ. ಸೋಫಾದ ತುದಿಯಲ್ಲಿ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿರುವವನು ನಾನು. ಮೈಸೂರಿನವನು, ಇವರ ಬೇಸ್‌ಮೆಂಟಿನ ಬಾಡಿಗೆದಾರ, ಲೇಖಕ. (ಲೇಖಕ ಅನ್ನುವುದನ್ನು ಕೊನೆಗೆ ಇಟ್ಟದ್ದು ವಿನಯದಿಂದಲ್ಲ. ಆ ಮನೆಯಲ್ಲಿ ನನ್ನ ಸ್ಥಾನಮಾನದ ಕ್ರಮವೇ ಅದು.)

೨

ಡ್ರಾಮಾ ಚೀನಾದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನನ್ನನ್ನು ಬಿಟ್ಟು ಅದನ್ನು ನೋಡಲು ಹೋಗುತ್ತೀರಿ.

ಉತ್ತರದ ಒಂದು ಚಳಿಯ ಊರು. ಮಗಳ ಮದುವೆ ಹತ್ತಿರ ಬಂದಿದೆ. ಇಬ್ಬರು ಗಂಡುಮಕ್ಕಳ ಜೊತೆ ಜಗಳವಾಡುತ್ತಾ ಮುದುಕ ಸೋಫಾದ ಮೇಲೆ ಕೂತಲ್ಲೇ ಪ್ರಾಣ ಬಿಡುತ್ತಾನೆ. ಅಣ್ಣನಿಗೆ ತಮ್ಮನ ಮೇಲೆ ಅನುಮಾನ, ತಮ್ಮನಿಗೆ ಅಣ್ಣನ ಮೇಲೆ. ಸುದ್ದಿ ಹೊರಬಿದ್ದರೆ ಮದುವೆ ನಿಲ್ಲುತ್ತದೆ. ಹಾಗಾಗಿ ಹೆಣವನ್ನು ಬಾಲ್ಕನಿಯಲ್ಲಿ, ಚಳಿಗಾಲಕ್ಕೆಂದು ಕೂಡಿಟ್ಟ ಎಲೆಕೋಸುಗಳ ನಡುವೆ ಅಡಗಿಸುತ್ತಾರೆ. ಕಳುವಾದ ಸ್ಕೂಟರ್ ಹುಡುಕಿಕೊಂಡು ಬಂದ ಪೊಲೀಸಪ್ಪ ಆ ಮನೆಯ ಕಡುಬಿನ ರುಚಿಗೆ ಬಿದ್ದು ದಿನಾ ಬರತೊಡಗುತ್ತಾನೆ.

ಇದರಲ್ಲಿ ಅಂಥದ್ದೇನಿದೆ ಅನ್ನುತ್ತೀರಾ? ಹೆಣ ಬಾಲ್ಕನಿಯಲ್ಲಿದೆ, ಮನೆಯವರು ಕಿತ್ತಾಡುವುದು ಮಾತ್ರ ಸೋದರಮಾವನನ್ನು ಯಾವ ಟೇಬಲ್ಲಿಗೆ ಕೂರಿಸಬೇಕು ಎಂಬುದಕ್ಕೆ. ನಮ್ಮ ಮದುವೆ ಮನೆಗಳೂ ಹೀಗೇ, ಹೆಣ ಒಂದಿರುವುದಿಲ್ಲ ಅಷ್ಟೇ. ಇಂಗ್ಲಿಷ್ ಕ್ರೈಮ್ ಸೀರಿಯಲ್ಲುಗಳಲ್ಲಿ ಕೊಲೆ ಚೆನ್ನಾಗಿರುತ್ತದೆ, ಆದರೆ ಯಾರಿಗೂ ಸೋದರಮಾವ ಇರುವುದಿಲ್ಲ.

ನಿಜಗುಣರಿಗೆ ಮೊದಲು ಒಂದು ತಕರಾರಿತ್ತು. “ಸರ, ನಮ್ಮೊಳಗ ಸೂತಕಾನ ಹಿಡ್ಯಂಗಿಲ್ಲ, ಯಾರು ಸತ್ರೂ ಮದುವಿ ನಿಲ್ಲಂಗಿಲ್ಲ. ನಮ್ಮ ಮಂದಿ ಆಗಿದ್ರ ಈ ಕಥಿ ಒಂದನೇ ಎಪಿಸೋಡಿನ್ಯಾಗ ಮುಗೀತಿತ್ತು.”

“ನಮ್ಮನೇಲಾಗಿದ್ರೆ ಸೂತಕಕ್ಕೇ ನಾಲ್ಕು ಸೀಸನ್ ಬೇಕಾಗ್ತಿತ್ತು,” ಅಂದೆ.

೩

ಸ್ಟೌಫ್‌ವಿಲ್‌ನ ಮನೆಯ ಅಪರಾಧ ಬೇರೆಯೇ ಇದೆ.

ಕಣ್ಣು ಆಚೀಚೆ ಹೋದರೆ ರೊಟ್ಟಿ ಸೀಯುತ್ತದೆ. ಆದ್ದರಿಂದ ಜಯಶೀಲಾ ದೂರದ್ದು ನೋಡುವ ಕನ್ನಡಕ ತೆಗೆದಿಟ್ಟು, ಕಿವಿಯಲ್ಲೇ ಡ್ರಾಮಾ ನೋಡುತ್ತಾರೆ. ಚೀನೀ ಮಾತು ಅರ್ಥವಾಗದು. ನಿಜಗುಣ ಇಂಗ್ಲಿಷ್ ಸಬ್‌ಟೈಟಲ್ಲನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಮೊದಲ ಎಪಿಸೋಡಿನಲ್ಲಿ ಟಿವಿಯ ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಜಯಶೀಲಾ ಕೇಳಿದರು: “ಏನಾತ್ರಿ? ಮುದುಕ ಯಾಕ ಸುಮ್ಮನಾದ?”

ಪರದೆಯ ಮೇಲೆ ‘ಅಪ್ಪ ಸತ್ತುಹೋದ’ ಎಂದು ಸ್ಪಷ್ಟವಾಗಿ ಬರೆದಿತ್ತು. ನಿಜಗುಣ ಅದನ್ನೇ ನೋಡುತ್ತಾ, “ಮೌನಕ್ಕ ಕುಂತಾನ,” ಅಂದರು.

“ಮೌನಕ್ಕ?”

“ಹೂಂ, ಅನುಷ್ಠಾನ. ಮಗಳ ಮದುವಿ ಮುಗಿಯೂತನಕ ಮಾತಾಡಂಗಿಲ್ಲಂತ.”

ನನ್ನ ಗಂಟಲಿಗೆ ಚಟ್ನಿ ಸಿಕ್ಕಿಕೊಂಡಿತು.

(ಇಲ್ಲಿ ಒಂದು ಸಂಗತಿಯನ್ನು ನೇರವಾಗಿ ಹೇಳಬೇಕು, ತಮಾಷೆ ಆಮೇಲೆ. ಹೋದ ದೀಪಾವಳಿಯ ಹೊತ್ತಿಗೆ ಧಾರವಾಡದಲ್ಲಿ ಜಯಶೀಲಾ ಅವರ ಅಪ್ಪ ತೀರಿಕೊಂಡರು. ಇವರು ಕೆನಡಾಕ್ಕೆ ಬಂದಾಗಿನಿಂದ ಆ ಅಪ್ಪ ಪ್ರತಿ ಫೋನಿನಲ್ಲೂ ಮೊದಲು ಕೇಳುತ್ತಿದ್ದುದು ಒಂದೇ: “ಅಲ್ಲೆ ಈಗ ಎಷ್ಟು ಗಂಟಿ ಆಗೇತವಾ?” ಸ್ಪೀಕರಿನಲ್ಲಿ ನನ್ನ ಬೇಸ್‌ಮೆಂಟಿಗೂ ಕೇಳಿಸುತ್ತಿತ್ತು. ನಿನ್ನೆಯೇ ಹೇಳಿದ್ದೇನಲ್ಲ ಎಂದು ಜಯಶೀಲಾ ಸಿಡುಕುತ್ತಿದ್ದರು. ಕೊನೆಯ ವಿಡಿಯೋ ಕಾಲಿನಲ್ಲಿ ಅಪ್ಪನ ಬಾಯಲ್ಲಿ ಆಸ್ಪತ್ರೆಯ ಪೈಪಿತ್ತು. ಆ ಪ್ರಶ್ನೆ ಬರಲಿಲ್ಲ. ಅದು ಬರದೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಇವರು ಫೋನು ಹಿಡಿದು ಸುಮ್ಮನೆ ಕುಳಿತರು. ಆಮೇಲೆ ಆ ಮನೆಯಲ್ಲಿ ಇವರ ನಗು ಕೇಳಿಸಿರಲಿಲ್ಲ. ಸತ್ತ ಎಂಬ ಮಾತನ್ನು ಅವರ ಬೆನ್ನಿಗೆ ಹೇಳಲು ನಿಜಗುಣರಿಗೆ ನಾಲಿಗೆ ಹೊರಳಲಿಲ್ಲ. ನನಗೂ ಹೊರಳುತ್ತಿರಲಿಲ್ಲ.)

೪

ಒಂದು ಸುಳ್ಳಿಗೆ ಎಷ್ಟು ಸುಳ್ಳುಗಳ ಚಾಕರಿ ಬೇಕೆಂದು ನಿಮಗೆ ಗೊತ್ತೇ ಇದೆ.

“ಬಾಲ್ಕನ್ಯಾಗ ಯಾಕ ಕುಂದರಿಸಿದ್ರು?”

“ಏಕಾಂತ ಬೇಕಂತ.”

“ಜಮಖಾನದಾಗ ಯಾಕ ಸುತ್ತಾಕತ್ತಾರ?” (ಒಮ್ಮೆ ತಿರುಗಿ ನೋಡಿಬಿಟ್ಟಿದ್ದರು.)

“ಥಂಡಿ ಐತೆಲ್ಲಾ, ಅದಕ್ಕ.”

ಪೊಲೀಸಪ್ಪ ಕೊನೆಗೂ ಎಲೆಕೋಸು ಸರಿಸಿ, ಹೆಣವನ್ನು ಕಂಡು ಮೊಣಕಾಲೂರಿ ಕುಸಿದಾಗ ನಿಜಗುಣ, “ಆಶೀರ್ವಾದ ತಗೊಳ್ಳಾಕತ್ತಾನ,” ಅಂದರು. ಜಯಶೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕಟ್ಟೆಗೆ ಒರಗಿ ನಕ್ಕರು. ನಿಜಗುಣ ಆ ಕಡೆ ತಿರುಗಲೇ ಇಲ್ಲ, ಕಣ್ಣು ಒರೆಸಿಕೊಂಡರು. ನಾನು ನೋಡಿದೆ.

ಆಮೇಲೆ ಜಯಶೀಲಾ ಅಂದರು: “ಕೊನೀ ಎಪಿಸೋಡಿಗೆ ಒಲಿ ಆರಿಸಿ ಮುಂದ ಕುಂದರತೀನಿ. ಅಂವ ಮಾತಾಡೂದನ್ನ ಕೇಳಬೇಕು ನಾ.”

ಕೊನೆಯ ಎಪಿಸೋಡನ್ನು ನಿಜಗುಣರೂ ನಾನೂ ಮೊದಲೇ ಕದ್ದು ನೋಡಿದ್ದೆವು. ಅದರಲ್ಲಿ ಮುದುಕ ಒಂದು ಫೋಟೋ ಆಗಿರುತ್ತಾನೆ. ಫೋಟೋದ ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿರುತ್ತದೆ.

೫

ನಿಜಗುಣ ಬೇಸ್‌ಮೆಂಟಿಗೆ ಇಳಿದು ಬಂದರು. “ಸರ, ನೀವು ಬರಿಯಾವ್ರು. ಮುದುಕಗ ಒಂದು ಡೈಲಾಗ್ ಬರದು ಕೊಡ್ರಿ.”

ಇಷ್ಟು ವರ್ಷ ಬರೆದರೂ ಯಾರೂ ನನ್ನನ್ನು ಹೀಗೆ ಅವಸರವಾಗಿ ಬೇಕೆಂದು ಕೇಳಿರಲಿಲ್ಲ. ಹೆಮ್ಮೆಯಿಂದ ಬರೆದೆ: ‘ಮಕ್ಕಳೇ, ಮೌನವೇ ನನ್ನ ಕೊನೆಯ ಮಾತು.’

“ಇದಕ್ಕ ಅಂವ ಬಾಯಿ ಯಾಕ ಬಿಡಬೇಕ್ರಿ?”

ಎರಡನೇ ಡ್ರಾಫ್ಟು: ‘ಅಷ್ಟಕ್ಕೂ ನಾನು ಇದ್ದೆನೇ?’

“ಅಕಿ ಎದ್ದು ಹೋಗಿ ಒಲಿ ಹಚ್ಚತಾಳ.”

ಮೂರನೆಯದು ಒಂದು ಪುಟ ಬಂತು. ನಿಜಗುಣ ತಾಳ್ಮೆಯಿಂದ ಓದಿ, “ಇದು ಪ್ರಶಸ್ತಿಗೆ ಕಳಸ್ರಿ,” ಅಂದರು.

೬

ಪರ್ಯಾಯ ಅಂತ್ಯ, ನಿಜಗುಣರದ್ದು: ಸರಿಯಾದ ಹೊತ್ತಿಗೆ ನಾನು ಕೆಳಗಿನ ರೌಟರ್ ಕಿತ್ತುಬಿಡುವುದು. (ಒಪ್ಪಲಿಲ್ಲ. ಕಥೆ ಮುಗಿಸಲು ಬಾರದ ಲೇಖಕ ವೈರು ಕೀಳಬಾರದು. ಅಷ್ಟು ಮಾನ ನನಗಿದೆ.)

ಪರ್ಯಾಯ ಅಂತ್ಯ, ನನ್ನದು: ಜಯಶೀಲಾ ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು.

ಇದನ್ನು ಬರೆಯುವಷ್ಟರಲ್ಲಿ ಜಯಶೀಲಾ ಕಥೆಯೊಳಗಿಂದ ಸೌಟು ಹಿಡಿದು ತಿರುಗಿದರು. “ಎಲ್ಲಾ ಕಥಿಯೊಳಗೂ ಹೆಂಡತಿಗೆ ಮೊದಲ ಗೊತ್ತಿರತೈತಿ. ಗಂಡ ಸುಳ್ಳು ಹೇಳಿದ್ರ ನಡಿಯತೈತಿ, ಹೆಂಡತಿ ಶ್ಯಾಣ್ಯಾಕಿ ಆಗಬೇಕು, ಹೌದಲ್ರಿ? ನನಗ ಗೊತ್ತಿದ್ದಿಲ್ಲ ಅಂತ ಬರೀರಿ.”

“ನಿಜವಾಗ್ಲೂ ಗೊತ್ತಿರಲಿಲ್ವಾ?”

“ರೊಟ್ಟಿ ಸೀಯಾಕತ್ತೈತಿ,” ಎಂದು ತಿರುಗಿಕೊಂಡರು.

ಅಳಿಸಿದೆ. ಅರ್ಧ ಅಳಿಸಿದೆ.

೭

ಕೊನೆಯ ಭಾನುವಾರ ಮಗಳು ಐಶ್ವರ್ಯಾ ಯೂನಿವರ್ಸಿಟಿಯಿಂದ ಮನೆಗೆ ಬಂದಳು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇವಳನ್ನು ಕಥೆಗೆ ಕರೆದವನು ನಾನಲ್ಲ. ಬಟ್ಟೆ ಒಗೆಯಲು ಬಂದಳು.

ಒಲೆ ಆರಿತು. ಜಯಶೀಲಾ ಕನ್ನಡಕ ಹಾಕಿಕೊಳ್ಳುವ ಮೊದಲೇ ನಿಜಗುಣರ ಅನುವಾದ ಶುರುವಾಗಿತ್ತು. ಐಶ್ವರ್ಯಾ ಪರದೆ ನೋಡಿದಳು, ಅಪ್ಪನನ್ನು ನೋಡಿದಳು.

“ಅಪ್ಪಾ, ದಟ್ಸ್ ನಾಟ್ ವಾಟ್ ಇಟ್ ಸೇಸ್.”

ನಾನು ಅವಳ ಕೈಗೊಂದು ರೊಟ್ಟಿ ತುರುಕಿದೆ. ನಿಜಗುಣ ವಾಷಿಂಗ್ ಮೆಷಿನ್ ಸದ್ದು ಮಾಡುತ್ತಿದೆ ಎಂದು ಅವಳನ್ನು ಗರಾಜಿನತ್ತ ಕರೆದೊಯ್ದರು. ಗೋಡೆಯಾಚೆಯಿಂದ “ದಿಸ್ ಈಸ್ ಇನ್‌ಸೇನ್” ಎಂದು ಕೇಳಿಸಿತು. ಆಮೇಲೆ ನಿಜಗುಣರ ತಗ್ಗಿದ ದನಿ. ಮರಳಿ ಬಂದಾಗ ಅವಳು ಅಮ್ಮನ ಪಕ್ಕದಲ್ಲಿ, ಮೈಗೆ ಮೈ ತಾಗುವಂತೆ ಕುಳಿತಳು.

ಟಿವಿಯಲ್ಲಿ ಮದುವೆ ಮುಗಿಯಿತು. ಸೋದರಮಾವನಿಗೆ ಒಳ್ಳೆಯ ಟೇಬಲ್ ಸಿಕ್ಕಿತು. ಮದುಮಗಳು ಬಂದು ಅಪ್ಪನ ಫೋಟೋದ ಮುಂದೆ ಮಂಡಿಯೂರಿದಳು. ಮಾತಿಲ್ಲ, ಹಾಗಾಗಿ ಸಬ್‌ಟೈಟಲ್ಲೂ ಇಲ್ಲ. ಜಯಶೀಲಾ ಕನ್ನಡಕದೊಳಗಿಂದ ಆ ಫೋಟೋವನ್ನು, ಆ ಊದಿನಕಡ್ಡಿಯನ್ನು ನೆಟ್ಟ ನೋಟದಿಂದ ನೋಡಿದರು.

“ಈಗರೆ ಮಾತಾಡತಾನೇನ್ರಿ?”

ನಿಜಗುಣ ಜೇಬಿನಿಂದ, ನಾನು ಆಮೇಲೆ ಬರೆದುಕೊಟ್ಟಿದ್ದ ನಾಲ್ಕನೇ ಡ್ರಾಫ್ಟ್ ತೆಗೆದು, ಬಿಡಿಸಿ, ಮತ್ತೆ ಮಡಚಿದರು. ಆಗ ಐಶ್ವರ್ಯಾ ಟಿವಿಯ ಮೇಲಿನ ಕಣ್ಣು ಕೀಳದೆ, ಟೊರಾಂಟೋದಲ್ಲಿ ಅದ್ದಿದ ಕನ್ನಡದಲ್ಲಿ ಹೇಳಿದಳು:

“ಅಲ್ಲೆ ಈಗ ಎಷ್ಟು ಗಂಟಿ ಆಗೇತವಾ?”

೮

ಮುಂದಿನದಕ್ಕೆ ಮೂವರೂ ಮೂರು ಬೇಡಿಕೆ ಇಟ್ಟಿದ್ದಾರೆ. ಹೆಂಡತಿ ನಕ್ಕಳು ಅಂತ ಬರೆಯಬೇಕೆಂದು ನಿಜಗುಣ. ತನ್ನ ಉಚ್ಚಾರದ ಬಗ್ಗೆ ಬರೆದದ್ದನ್ನು ತೆಗೆಯಬೇಕೆಂದು ಐಶ್ವರ್ಯಾ. ಗಂಡನನ್ನು ಇನ್ನೂ ಕ್ಷಮಿಸಿಲ್ಲ, ಅವರೇ ಈಗ ಭಾನುವಾರ ರೊಟ್ಟಿ ಬಡಿಯಬೇಕು ಅಂತ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಜಯಶೀಲಾ. ಯಾವುದನ್ನೂ ಮಾಡುವುದಿಲ್ಲ. ಇದು ಯಾರ ಮದುವೆಯೂ ಅಲ್ಲ, ಎಲ್ಲರನ್ನೂ ಒಳ್ಳೆಯ ಟೇಬಲ್ಲಿಗೆ ಕೂರಿಸಲಾರೆ.

ಕಂಡದ್ದಷ್ಟು ಹೇಳಿ ಎದ್ದು ಹೋಗುತ್ತೇನೆ. ಜಯಶೀಲಾ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಮಗಳ ಕಡೆ ತಿರುಗಲಿಲ್ಲ. ಕತ್ತೆತ್ತಿ ಮೈಕ್ರೋವೇವಿನ ಗಡಿಯಾರ ನೋಡಿದರು. ಅದು ಚಳಿಗಾಲದ ಹಳೇ ಟೈಮನ್ನೇ ತೋರಿಸುತ್ತಿತ್ತು, ಚಳಿ ಮುಗಿದ ಮೇಲೆ ಇಲ್ಲಿ ಒಂದು ಗಂಟೆ ಮುಂದಿಡಬೇಕು, ಯಾರೂ ತಿದ್ದಿರಲಿಲ್ಲ. ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಂಡು ಟಿವಿಯಲ್ಲಿನ ಫೋಟೋದ ಕಡೆ ತಿರುಗಿ,

“ಇಲ್ಲೇನಪಾ, ಇಲ್ಲೆ ಈಗ...” ಎಂದು ಶುರು ಮಾಡಿದರು.