ಅಮ್ಮನ ಅಳತೆಯ ರಾಗ

ಪಾರ್ಶ್ವವಾಯು ಬಡಿದ ಮೇಲೆ ಅಮ್ಮನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ತನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚಕ್ಕೆ ಒರಗಿ, ಬಾಗಿಲಾಚೆ ಓಡುವ ಹೊಲಿಗೆ ಯಂತ್ರಗಳನ್ನೇ ನೋಡುತ್ತ ಕೂತಿರುತ್ತಿದ್ದಳು. ತಡವಾದಷ್ಟೂ ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಿಂದ ಮಗಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕೈಗೆ ಬಿಡುವು ಸಿಕ್ಕಾಗಲೆಲ್ಲ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಚಿತ್ರ ತೋರಿಸಿ ಎಂದು ಒಬ್ಬರು, ಬೇಡವೇ ಬೇಡ ಎಂದು ಇನ್ನೊಬ್ಬರು. ಅವಳ ತಲೆ ಚಿಟ್ಟು ಹಿಡಿಯಿತು. ಮಾತು ಬಾರದವರೂ ಒಮ್ಮೊಮ್ಮೆ ಹಾಡಬಲ್ಲರು, ಪರಿಚಿತ ಹಾಡು ಹಾಡಿಸಿ ಎಂದೂ ಒಂದು ಕಡೆ ಸಿಕ್ಕಿತು. ಅದು ಸುಳ್ಳೇನಲ್ಲ. ಅವಳು ಹಳೆಯ ಹಾಡುಗಳನ್ನು ಹಾಕಿ, ತಾನೂ ಗಂಟಲು ಹರಿಯುವಂತೆ ಹಾಡಿದಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

"ಆ ಮೊಬೈಲಿಗೆ ನಿಮ್ಮಮ್ಮನ ಪರಿಚಯ ಇದೆಯೇನೇ?" ಎಂದಳು ಅಂಗಡಿಯಲ್ಲಿ ಗುಂಡಿಗಳಿಗೆ ಕಾಜ ಹೊಲಿಯುವ ಗೆಳತಿ. ಬಾಯಿಗೆ ಬಿಡುವೇ ಕೊಡದ ಅವಳನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. "ಅವರು ಯಾವತ್ತು ಹಾಡಿದ್ರು? ಅವರ ಹಾಡು ಅಂದ್ರೆ ಅಳತೆ ಕೂಗೋದು. ನೀನು ಯಾರದೋ ಅಳತೆಗೆ ಹೊಲಿದಿದ್ದನ್ನ ತಂದು ಇವರಿಗೆ ತೊಡಿಸ್ತಿದೀಯ!"

ನಿಜವೇ. ಗಿರಾಕಿಗಳ ಅಳತೆ ಕೂಗಿ ಮಗಳ ಕೈಲಿ ಸೀಮೆಸುಣ್ಣದಲ್ಲಿ ಬರೆಸುವುದಕ್ಕೆ ಅಮ್ಮನದೇ ಒಂದು ರಾಗವಿತ್ತು. ದಿನಾ ಕೇಳಿ ಕೇಳಿ ಮಗಳಿಗೆ ಅದು ರಾಗ ಎಂದೇ ಹೊಳೆದಿರಲಿಲ್ಲ.

"ಇದೇನು ಮಕ್ಕಳಾಟಾನಾ?" ಎಂದು ಗೊಣಗುತ್ತಲೇ ಅವಳು, ಅಳತೆ ಟೇಪು ಎತ್ತಿಕೊಂಡು ಒಳಗೆ ಹೊರಟ ಗೆಳತಿಯ ಹಿಂದೆ ಹೋದಳು. ರೇಡಿಯೊ ಮಂಚದ ಮುಂದೆ ನಿಂತು ಟೇಪನ್ನು ತನ್ನ ಮೈಗೇ ಹಿಡಿದು, ಥೇಟ್ ಅಮ್ಮನ ಧಾಟಿಯಲ್ಲಿ ಕೂಗಿದಳು.

"ಭುಜಾ... ಹದಿನೈದೂ! ತೋಳೂ... ಹತ್ತೂ!"

ಅಮ್ಮ ಈ ಕಡೆ ತಿರುಗಿದಳು. ತುಟಿ ಅದುರಿತು, ಅಷ್ಟೇ.

ರೇಡಿಯೊ ಟೇಪನ್ನು ಸೊಂಟಕ್ಕೆ ಸುತ್ತಿ, ಹೊಟ್ಟೆ ಒಳಗೆಳೆದುಕೊಂಡು, ಲವಲೇಶವೂ ನಾಚದೆ ಕೂಗಿದಳು. "ಸೊಂಟಾ... ಮೂವತ್ತೂ!"

"ನಲ... ನಲವತ್ತೂ!" ಎಂದು ತಿದ್ದಿತು ಮಂಚದ ಮೇಲಿನ ದನಿ.

ರೇಡಿಯೊ ಹಿಡಿದಿದ್ದ ಟೇಪು ಕೈಜಾರಿ ಬಿತ್ತು. ಅಮ್ಮ ಬೆದರಿದವಳಂತೆ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಇಷ್ಟು ದಿನವೂ ಈ ದನಿ ಅಮ್ಮನೊಳಗೆ ಹೀಗೆ ಇಡಿಯಾಗಿ ಕೂತಿತ್ತೇ? ಮಗಳಿಗೆ ಬೆರಗಾಯಿತು, ಹೆದರಿಕೆಯೇ ಆಗುವಷ್ಟು ಬೆರಗು.

ಅಮ್ಮ ಮಗಳ ಕಡೆ ನೋಡಿದಳು. ಅದೇ ರಾಗದಲ್ಲಿ, ತಡವರಿಸುತ್ತ ಅಂದಳು, "ಬ... ಬರ್ಕೋ... ಮಗಳೇ."

ಮಗಳು ಸೀಮೆಸುಣ್ಣಕ್ಕೆ ತಡಕಾಡಿದಳು. ಕಣ್ಣು ತುಂಬಿ ಅವಳಿಗೆ ಏನೂ ಕಾಣಲಿಲ್ಲ.